ಪಾಳಿ ಮುರಿದ ದಿನ

ಅಂಕಲಿಯ ನಮ್ಮ ನೀರಾವರಿ ಸಂಘದ ಪಂಪ್ ಆಪರೇಟರ್ ಯಾರು ಏನು ಕೇಳಿದರೂ ಮೊದಲು ಕೈ ಒರೆಸಿಕೊಳ್ಳುತ್ತಿದ್ದ, ಆಮೇಲೆ "ತಡೀರಿ, ನೋಡೂಣು" ಎನ್ನುತ್ತಿದ್ದ. ಯಾವ ಹೊಲಕ್ಕೆ ಯಾವಾಗ ನೀರು ಎಂಬ ಪಾಳಿಯನ್ನು ಅವನ ಕಂಪ್ಯೂಟರಿನ ಒಂದು ಪುಕ್ಕಟೆ ತಂತ್ರಾಂಶ ಹಾಕಿಕೊಡುತ್ತಿತ್ತು.

ಬೇಸಿಗೆಯ ಒಂದು ಬೆಳಿಗ್ಗೆ ಅದು ತೆರೆಯಲಿಲ್ಲ. ಇನ್ನು ತನ್ನಿಂದ ನೋಡಿಕೊಳ್ಳಲಾಗದು, ಬೇಕಾದವರು ಮುಂದುವರಿಸಲಿ ಎಂದು ಅದನ್ನು ಮಾಡಿದವನು ವರ್ಷದ ಹಿಂದೆಯೇ ಅದರ ಜಾಲತಾಣದಲ್ಲಿ ಬರೆದಿದ್ದ. ಕಾರ್ಯದರ್ಶಿಯಾದ ನಾನೂ ಅದನ್ನು ಓದಿರಲಿಲ್ಲ.

ಒಂಬತ್ತು ಗಂಟೆಗೆ ಇಬ್ಬರು ರೈತರು ಒಂದೇ ವಾಲ್ವಿಗೆ ಕೈ ಹಾಕಿದರು.

"ಪಾಳಿ ನಂದೈತಿ, ಕೈ ತಗೀಲೇ!" ಎಂದು ಒಬ್ಬ ಸಲಿಕೆ ಎತ್ತಿದ.

ಇನ್ನೊಬ್ಬ ಆಪರೇಟರನ ಕಡೆ ತಿರುಗಿದ. "ನಿನ್ನ ಕಂಪ್ಯೂಟರ್‌ದಾಂವ ಕೈ ಕೊಟ್ಟಾನ ನೋಡು!"

"ಪುಕ್ಕಟ ಕೊಟ್ಟಿದ್ದಾನ್ರಿ ಅಂವ. ಇಷ್ಟ ವರ್ಷದಾಗ ಒಮ್ಮೆರ ಹೆಂಗದಿ ಅಂತ ಕೇಳೇವೇನ್ರಿ?" ಎಂದ ಆಪರೇಟರ್. "ಪಾಳಿ ಮುರದ್ರ ತುದಿ ಹೊಲದಿಂದ ಶುರು. ಹಿರ್ಯಾರ ರೂಢಿ ಅದ."

ಸಲಿಕೆ ಇಳಿಯಲಿಲ್ಲ.

"ತಮ್ಮಾ, ನಿನ್ನ ಹೊಲ ಪಂಪಿನ ಬಾಜೂಕ ಐತಿ. ನಿಂದು ಕಟ್ಟಕಡೀಗೆ ಬರತೈತಿ," ಎಂದೆ ಆಪರೇಟರನಿಗೆ.

"ಗೊತ್ತೈತ್ರಿ ಸರ್."

ಸಲಿಕೆ ಎತ್ತಿದವನು ಅವನ ಮುಖವನ್ನೇ ನೋಡಿ, ವಾಲ್ವಿನಿಂದ ಕೈ ತೆಗೆದ. ತುದಿಯ ಹೊಲಕ್ಕೆ ನೀರು ಹೊರಟಿತು.

ಆಪರೇಟರನ ಕಬ್ಬಿಗೆ ನೀರು ಮುಟ್ಟುವಷ್ಟರಲ್ಲಿ ಹದಿನೈದು ದಿನ ಕಳೆದಿದ್ದವು. ಅಂಚಿನ ಮೂರು ಸಾಲು ಪೂರ್ತಿ ಒಣಗಿದ್ದವು.