ಗಿಳಿಮರಿಗೆ ಕುಡಿಸಿದ ಹಾಲು

ಜಗಳೂರಿನ ನಮ್ಮ ಮನೆ ಮುಂದಿನ ಒಣಗಿದ ಬೇವಿನ ಮರ ಕಡಿದಾಗ, ಪೊಟರೆಯಿಂದ ಪುಕ್ಕ ಬಾರದ ಮರಿಯೊಂದು ಬಿತ್ತು. ಬಾಗಿದ ಕೊಕ್ಕು, ಎರಡು ಬೆರಳು ಮುಂದೆ, ಎರಡು ಹಿಂದೆ. ಗಿಳಿಯೆಂದು ಗುರುತು ಹಿಡಿದು ಬೀಗಿದೆ.

"ತಾಯಿ ಇಲ್ಲದ ಕೂಸು, ಹಾಲು ಕುಡಿಸಪ್ಪ" ಅಂದಳು ಅವ್ವ. ದೀಪದ ಬತ್ತಿಯನ್ನು ಹಾಲಿಗೆ ಅದ್ದಿ ನಾಲ್ಕು ದಿನ ಕುಡಿಸಿದೆ. ಭೇದಿಯಾಗಿ ಸೊರಗಿದ ಮೇಲಷ್ಟೇ ಪಶುವೈದ್ಯರ ಬಳಿ ಒಯ್ದೆ.

"ಹಕ್ಕಿಗೆ ಹಾಲು ಅರಗಲ್ಲ ರೀ. ಮೊದಲೇ ಕೇಳಾಕೆ ಏನಾಗಿತ್ತು ನಿಮಗೆ?" ಎಂದರು.

ಸಂಜೆಗೆ ಸತ್ತಿತು. ವೈದ್ಯರ ಮಾತನ್ನು ಅವ್ವನಿಗೆ ಹೇಳಲಿಲ್ಲ. ಮೂರನೇ ದಿನ ಅವಳು, ಸತ್ತ ಮನುಷ್ಯರಿಗೆ ಮಾಡುವಂತೆ, ಹೂತ ಜಾಗಕ್ಕೆ ಹಾಲು-ತುಪ್ಪ ಬಿಡಲು ಲೋಟ ತಂದಳು.

"ನೀನೇ ಬಿಡು. ನಿನ್ನ ಕೈಯಾಗೆ ಕುಡಿದೈತೆ."

ಬಿಟ್ಟೆ.