ಹೊಕ್ಕುಳ ಸುತ್ತ ಹದಿನಾಲ್ಕು

ರೇಷ್ಮೆಹುಳು ಸೊಪ್ಪು ತಿನ್ನುವ ಸದ್ದು ನನಗೆ ಈಗಲೂ ಕೇಳುತ್ತದೆ. ಎಗ್ಸಾಮ್ ಹಾಲ್‌ನಲ್ಲಿ ನೂರು ಹುಡುಗಿಯರು ಒಟ್ಟಿಗೆ ಬರೆಯುತ್ತಿರುವ ಹಾಗೆ. ಆ ಸದ್ದಿನ ನಡುವೆಯೇ ನನ್ನ ಓರಗಿತ್ತಿ ಜಯಮ್ಮ ಸೀರೆಯಂಚು ಎತ್ತಿ ಮೀನಖಂಡ ತೋರಿಸಿದಳು. ಎರಡು ಹಲ್ಲಿನ ಗುರುತು. ಅಕ್ಕೂರಿನ ನಮ್ಮ ತೋಟದಾಚೆ ಫ್ಯಾಕ್ಟರಿ ಬಂದ ಮೇಲೆ ಕ್ಯಾಂಟೀನಿನ ಎಂಜಲಿಗೆ ನಾಯಿಗಳು ಹೆಚ್ಚಿದ್ದವು.

"ಆಸ್ಪತ್ರೆಗೆ ಹೋಗೋಣ," ಎಂದೆ.

"ಹದ್ನಾಕು ಸೂಜಿನಾ ಅಕ್ಕ? ನೀವು ಹೇಳಿ ಹೇಳಿ ನನ್ ಹೊಕ್ಕುಳು ಈಗ್ಲೇ ನೋಯ್ತೈತೆ."

ಕಾನ್ವೆಂಟ್ ಹಾಸ್ಟೆಲ್‌ನಲ್ಲಿದ್ದಾಗ ನಾಯಿ ಕಚ್ಚಿ, ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಹಾಕಿಸಿಕೊಂಡವಳು ನಾನು. ದಿನಕ್ಕೊಂದು. ಸಿಸ್ಟರ್ ಕೈಹಿಡಿದು ಪ್ರೇಯರ್ ಹೇಳುತ್ತಿದ್ದದ್ದು, ಹೊಟ್ಟೆ ಹಲಸಿನಕಾಯಿಯಂತೆ ಗಂಟುಗಂಟಾದದ್ದು, ಎಲ್ಲವನ್ನೂ ಮನೆಮಂದಿಗೆ ಬಣ್ಣ ಕಟ್ಟಿ ಹೇಳಿದ್ದೆ. ಇಂಗ್ಲಿಷ್ ಬಲ್ಲವಳ ಮಾತು. ಮನೆಯಲ್ಲಿ ಅದೇ ಫೈನಲ್.

ಹುಳು ಹಣ್ಣಾಗಿ ಗೂಡು ಕಟ್ಟಲು ಇನ್ನೊಂದು ವಾರವಿತ್ತು. ಹುಳುಮನೆಗೆ ಸ್ಪಿರಿಟ್, ಡೆಟಾಲ್ ವಾಸನೆ ಸೋಕಬಾರದೆಂಬುದು ನಮ್ಮಲ್ಲಿನ ಕಟ್ಟುಪಾಡು.

"ಸೂಜಿ ಚುಚ್ಚಿಸ್ಕಂಡು ಆ ವಾಸನೇಲಿ ಸೊಪ್ಪು ಹಾಕಾಕಾಯ್ತದಾ? ಗೂಡು ಕಟ್ಲಿ, ಆಮೇಲೆ ಬತ್ತೀನಿ."

ಆಗಲಿ ಎಂದುಬಿಟ್ಟೆ.

ಗೂಡು ಮಾರ್ಕೆಟ್ಟಿಗೆ ಹೋಯಿತು. ಅಷ್ಟರಲ್ಲಿ ಗಾಯ ಮಾಯ್ದಿತ್ತು. ಯಾರೂ ಆಸ್ಪತ್ರೆಯ ಮಾತೆತ್ತಲಿಲ್ಲ.

ಎರಡು ತಿಂಗಳಿಗೆ ಜ್ವರ ಬಂತು, ಕಚ್ಚಿದ ಕಾಲು ಜುಮುಗುಟ್ಟತೊಡಗಿತು. ಒಂದು ಬೆಳಿಗ್ಗೆ ಕಾಫಿ ಕೊಟ್ಟೆ. ತುಟಿಗಿಡುತ್ತಲೇ ಅವಳ ಗಂಟಲು ಬಿಗಿದು, ಲೋಟ ಕೈಜಾರಿತು.

"ನೀರು ಕಂಡ್ರೆ ಆಯ್ತಿಲ್ಲ ಅಕ್ಕ."

ಚನ್ನಪಟ್ಟಣಕ್ಕೆ ಕರೆದೊಯ್ದೆವು. ಡಾಕ್ಟರ್ ನನ್ನೊಬ್ಬಳನ್ನೇ ಹೊರಗೆ ಕರೆದರು. "ಕಚ್ಚಿದಾಗ್ಲೇ ಯಾಕಮ್ಮ ಬರಲಿಲ್ಲ?"

"ಹೊಟ್ಟೆಗೆ ಹದಿನಾಲ್ಕು ಅಂತ…"

"ಅದನ್ನ ಸರ್ಕಾರ ನಿಲ್ಲಿಸಿಬಿಟ್ಟಿದೆಯಲ್ಲ. ಈಗ ತೋಳಿಗೆ. ಐದೇ."

ಐದೇ.

ದಿನಾ ಇಂಗ್ಲಿಷ್ ಪೇಪರ್ ಓದುತ್ತಿದ್ದೆ. ಪಾಲಿಸಿ ಬದಲಾದ ಸುದ್ದಿಯೂ ಅದರಲ್ಲೇ ಎಲ್ಲೋ ಬಂದಿದ್ದೀತು. ನನಗೆ ಗೊತ್ತಿದೆ ಎಂದುಕೊಂಡವಳು ಯಾರನ್ನಾದರೂ ಕೇಳುವುದುಂಟೇ? ಕೇಳಿ ಬರಲು ಅರ್ಧ ಗಂಟೆಯ ಬಸ್ಸು ಸಾಕಿತ್ತು.

ಅವಳ ಬಾಯಿ ಒರೆಸುವಾಗ ಜೊಲ್ಲು ತಾಗಿದೆಯೆಂದು ನನಗೆ ಅದೇ ಐದು ಇಂಜೆಕ್ಷನ್ ಶುರುವಾಯಿತು. ಇರುವೆ ಕಚ್ಚಿದಷ್ಟು ನೋವು. ನಾನು ಉಳಿದೆ. ಥ್ಯಾಂಕ್ ಗಾಡ್ ಎನ್ನಬೇಕು, ಮೆಲ್ಲಗೆ ಎನ್ನುತ್ತೇನೆ. ಹಾಸ್ಟೆಲ್ಲಿನ ಕಥೆ ಈಗ ಹೇಳುವುದಿಲ್ಲ. ಊರಲ್ಲಿ ಯಾರಿಗೆ ನಾಯಿ ಕಚ್ಚಿದರೂ ಸೋಪಿನಲ್ಲಿ ಗಾಯ ತೊಳೆಸಿ, ಜೊತೆಗೇ ಬಸ್ಸು ಹತ್ತುತ್ತೇನೆ.

ಜಯಮ್ಮ ಬೆಂಗಳೂರಿನ ಆಸ್ಪತ್ರೆಯಲ್ಲಿ ಮೂರನೆಯ ದಿನ ತೀರಿಕೊಂಡಳು. ನಾನು ಅವಳನ್ನು ಕಡೆಯ ಸಲ ಕಂಡದ್ದು ಅಲ್ಲಿಗೆ ಹೊರಟ ಆಂಬುಲೆನ್ಸಿನಲ್ಲಿ. ನೀರಿನ ಹಾಗೆ ಈಗ ಗಾಳಿಯೂ ಆಗದೆ, ಸೆರಗನ್ನು ಮುಖಕ್ಕೆ ಎಳೆದುಕೊಂಡಿದ್ದಳು. ಆಗಷ್ಟೇ ತೋಳಿಗೆ ಒತ್ತಿಕೊಂಡಿದ್ದ ಹತ್ತಿ ಇನ್ನೂ ನನ್ನ ಕೈಯಲ್ಲಿತ್ತು. ಬಾಗಿಲು ಮುಚ್ಚುವ ಮುನ್ನ ಸೆರಗಿನೊಳಗಿಂದಲೇ ಹೇಳಿದಳು:

"ಸ್ಪಿರಿಟ್ ವಾಸನೆ ಬತ್ತೈತೆ ಅಕ್ಕ. ಸ್ನಾನ ಮಾಡ್ಕಂಡೇ ಹುಳುಮನೆಗೆ ಹೋಗಿ."