ಪೂಜೆಗೊಮ್ಮೆ ಕಾಯಿಲೆ ಬೀಳುತ್ತಿದ್ದ ಚಿತ್ರ

2007ರಲ್ಲಿ ನಾನು ಕೋಲ್ಕತ್ತಾದ ಒಂದು ಖಾಸಗಿ ಕಲಾ ಸಂಗ್ರಹಾಲಯದಲ್ಲಿ ಗುತ್ತಿಗೆಯ ಮೇಲೆ ‘ಯೂಸರ್ ಟೆಸ್ಟರ್’ ಆಗಿದ್ದೆ. ಹೆಸರು ದೊಡ್ಡದು, ಕೆಲಸ ಸರಳ. ಹೊಸ ಸಾಫ್ಟ್‌ವೇರನ್ನು ಸಿಬ್ಬಂದಿಗಿಂತ ಮೊದಲು ಬಳಸಿ ನೋಡುವುದು, ಎಡವಿದ ಕಡೆ ತಿಳಿಸುವುದು, ಎಲ್ಲ ಸರಿಯಾದ ಮೇಲೆ ಒಪ್ಪಿಗೆಯ ಸಹಿ ಹಾಕುವುದು. ಆ ವರ್ಷ ಒಂದು ಚಿತ್ರ ಹಬ್ಬಕ್ಕೆ ಮನೆಗೆ ಹೋಗುತ್ತದೋ ಇಲ್ಲವೋ ಎಂಬುದು ಆ ಸಹಿಯ ಮೇಲೆ ಬಂದು ನಿಂತಿತು.

ಅದಕ್ಕೆ ಮೊದಲು ನಾನು ಮನೆ ನೋಡಿಕೊಂಡಿದ್ದವಳು. ನಮ್ಮ ಯಜಮಾನರಿಗೆ ರೈಲ್ವೆಯಲ್ಲಿ ಕೆಲಸ, ಟಾಲಿಗಂಜ್‌ನಲ್ಲಿ ವಾಸ. ಮಗಳು ಹೈಸ್ಕೂಲು ಸೇರಿದ ಮೇಲೆ ಮಧ್ಯಾಹ್ನಗಳು ಉದ್ದವಾದವು. ಬೀದಿಗೊಂದು ಕಂಪ್ಯೂಟರ್ ತರಗತಿ ತೆರೆಯುತ್ತಿದ್ದ ಕಾಲ. ಎಸ್ಪ್ಲನೇಡ್‌ನಲ್ಲಿ ಒಂದಕ್ಕೆ ನಾನೂ ಸೇರಿದೆ. ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ತಿದ್ದಿದ ಇಂಗ್ಲಿಷು, ಓದಿದ್ದನ್ನೇ ಇನ್ನೊಮ್ಮೆ ಓದುವ ಅಭ್ಯಾಸ, ಇವೆರಡೇ ನನ್ನ ಅರ್ಹತೆ. ಅವು ಸಾಕಾದವು.

ಸಂಗ್ರಹಾಲಯದಲ್ಲಿ ಚಿತ್ರವನ್ನು ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಸರಿಸಬೇಕಾದರೂ ‘ಮೂವ್‌ಮೆಂಟ್ ರಿಕ್ವೆಸ್ಟ್’ ಬೇಕು. ಯಾವ ಚಿತ್ರ, ಎಲ್ಲಿಂದ ಎಲ್ಲಿಗೆ, ಯಾಕೆ ಎಂದು ಬರೆದು ಒಪ್ಪಿಗೆ ಪಡೆಯಬೇಕು. ಹಳೆಯ ಸಾಫ್ಟ್‌ವೇರ್ ಕಪ್ಪು ಪರದೆಯ ಮೇಲೆ ಹಸಿರು ಅಕ್ಷರದ್ದು. ಅದಕ್ಕೆ ಗೊತ್ತಿದ್ದ ಜಾಗಗಳು ಗ್ಯಾಲರಿ, ಉಗ್ರಾಣ ಮತ್ತು ಚಿತ್ರಗಳ ಆಸ್ಪತ್ರೆಯಂತಿರುವ ಕನ್ಸರ್ವೇಶನ್ ಕೊಠಡಿ, ಅಷ್ಟೇ. ಚಿತ್ರ ಗೇಟು ದಾಟಿತೆಂದರೆ ‘ಹಿಂತಿರುಗಿಸಲಾಗಿದೆ’ ಎಂದು ಅದರ ಖಾತೆಯನ್ನೇ ಮುಚ್ಚಿಬಿಡುತ್ತಿತ್ತು.

ಹೊಸದನ್ನು ಕಟ್ಟುತ್ತಿದ್ದ ತಂಡದ ಮುಖ್ಯಸ್ಥ ಹುಬ್ಬಳ್ಳಿಯ ಪ್ರಶಾಂತ. ನನ್ನ ಕನ್ನಡದ ಫೋನ್ ಮಾತು ಕಿವಿಗೆ ಬಿದ್ದ ದಿನದಿಂದ ನಾನು ಅವನಿಗೆ ‘ಅಕ್ಕಾರ’. ಹಳೆಯ ದಾಖಲೆಗಳನ್ನೆಲ್ಲ ಹೊಸದಕ್ಕೆ ಸಾಗಿಸಿ ಮುಗಿದಿತ್ತು. ದುರ್ಗಾಪೂಜೆಯ ವಾರದ ಸೋಮವಾರ ಹಳೆಯದನ್ನು ಮುಚ್ಚುವುದು, ಅಂದಿನಿಂದ ಹೊಸದರ ಗೇಟ್ ಪಾಸ್ ಇಲ್ಲದೆ ಏನೂ ಹೊರಗೆ ಹೋಗಕೂಡದು ಎಂದು ನಿರ್ದೇಶಕರ ಆದೇಶವಾಗಿತ್ತು.

ಹಿಂದಿನ ಗುರುವಾರ ನಾನು ಪರೀಕ್ಷೆ ಮಾಡುತ್ತಿದ್ದಾಗ ಒಂದು ಜಲವರ್ಣ ಚಿತ್ರದ ಎದುರು ಕೆಂಪು ಗೆರೆ ಕಂಡಿತು: ‘ಸರಿಸಕೂಡದು’. ತಾಯಿ ಉಮಾ ಮಕ್ಕಳೊಂದಿಗೆ ನದಿಯ ಮೆಟ್ಟಿಲಲ್ಲಿ ಇಳಿಯುತ್ತಿರುವ ಚಿತ್ರ. ಬಾರಾನಗರದ ಒಂದು ಹಳೆಯ ಮನೆತನದ ಕೊಡುಗೆ.

“ಸಿಸ್ಟಮ್ ಬರೋಬ್ಬರಿ ಹೇಳೇತ್ರಿ ಅಕ್ಕಾರ,” ಎಂದ ಪ್ರಶಾಂತ. “ಇದಕ್ಕ ವರ್ಷಾ ತಪ್ಪದಂಗ ಆಸ್ಪತ್ರಿ ಐತಿ. ಪ್ರತಿಸಲ ‘ಕೆಂಪು ಪುಡಿ ಒರೆಸಲಾಯಿತು’ ಅಂತ ಬರದಾರ. ಬಣ್ಣ ಉದರಾಕತ್ತೈತಿ. ಇಂಥಾವನ್ನ ಅಲುಗಾಡಿಸಬಾರದು ಅಂತ ನಾವ ರೂಲ್ ಹಾಕೇವಿ.”

ನಾನು ತಾರೀಖುಗಳನ್ನು ಇನ್ನೊಮ್ಮೆ ಓದಿದೆ. ಹಿಂದಿನ ವರ್ಷ ಸೆಪ್ಟೆಂಬರ್ ಕೊನೆ. ಅದರ ಹಿಂದಿನ ವರ್ಷ ಅಕ್ಟೋಬರ್ ಎರಡನೇ ವಾರ. ಅದಕ್ಕೂ ಹಿಂದೆ ಇನ್ನಷ್ಟು ತಡ. ನಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಮಗಳ ಪೂಜಾ ರಜೆಗೆ ನಾನು ಸುತ್ತು ಹಾಕುತ್ತಿದ್ದ ದಿನಗಳೇ ಅವು.

“ಪ್ರಶಾಂತ್, ಯಾವ ಕಾಯಿಲೆನಾದ್ರೂ ಪಂಚಾಂಗ ನೋಡ್ಕೊಂಡು ಬರತ್ತಾ?”

ಇಬ್ಬರೂ ಗ್ಯಾಲರಿಗೆ ಹೋಗಿ ಚಿತ್ರದ ಮುಂದೆ ನಿಂತೆವು. ಅದಕ್ಕೆ ಗಾಜಿನ ಚೌಕಟ್ಟು ಇತ್ತು. ಬಣ್ಣ ಉದುರಿದ್ದರೆ ಪುಡಿ ಗಾಜಿನ ಒಳಗಿರಬೇಕು, ಒರೆಸಿದ್ದು ಹೊರಗೆ. ಚೌಕಟ್ಟಿನ ಕೆತ್ತನೆಯ ಸಂದಿಯಲ್ಲಿ ಚೂರು ಕೆಂಪು ಉಳಿದಿತ್ತು. ಬೆರಳು ತಾಗಿಸುವ ಹಾಗಿಲ್ಲ, ತಾಗಿಸಬೇಕಾಗಿಯೂ ಇರಲಿಲ್ಲ. ದೇವರ ಪಟದ ಗಾಜು ಒರೆಸಿ ಗೊತ್ತಿರುವ ಯಾವ ಹೆಂಗಸೂ ಅದನ್ನು ಗುರುತಿಸುತ್ತಾಳೆ.

ಹೋಗಿ ಕೇಳಿದಾಗ, ಬರುವ ಹೋಗುವ ಕಲಾಕೃತಿಗಳ ಹೊಣೆ ಹೊತ್ತ ರಿಜಿಸ್ಟ್ರಾರ್ ಸಾನ್ಯಾಲ್ ಬಾಬು ಚಹಾದ ಲೋಟ ಕೆಳಗಿಟ್ಟು ನಕ್ಕರು. ಅವರಿಗೆ ನಾನು ‘ಬೌದಿ’, ಅಂದರೆ ಅತ್ತಿಗೆ. “ಸಿಂಧೂರ, ಬೌದಿ. ಚಿತ್ರ ಪೂಜೆಗೆ ಮನೆಗೆ ಹೋಗುತ್ತದೆ. ದಾನಪತ್ರದ ಷರತ್ತೇ ಅದು. ದಶಮಿಯ ದಿನ ಸೊಸೆಯಂದಿರು ಗಾಜಿಗೆ ಸಿಂಧೂರ ಹಚ್ಚಿ ಬೀಳ್ಕೊಡುತ್ತಾರೆ. ಹಳೆಯ ಸಾಫ್ಟ್‌ವೇರಿನಲ್ಲಿ ‘ಮನೆ’ ಅಂತ ಇರಲಿಲ್ಲ, ಅದಕ್ಕೇ ಆಸ್ಪತ್ರೆ ಅಂತ ಹಾಕುತ್ತಿದ್ದೆ.”

“ನಮಗ್ಯಾಕ ಹೇಳಲಿಲ್ಲ ದಾದಾ?” ಎಂದು ಪ್ರಶಾಂತ ಹಿಂದಿಯಲ್ಲಿ ಕೇಳಿದ.

“ಇಡೀ ಸಂಗ್ರಹಾಲಯಕ್ಕೇ ಗೊತ್ತು. ಎಲ್ಲರಿಗೂ ಗೊತ್ತಿರುವುದನ್ನು ಯಾರು ಬಂದು ಹೇಳುತ್ತಾರಪ್ಪಾ?”

ನಗು ಅಲ್ಲಿಗೇ ನಿಂತಿತು. ಚಿತ್ರ ಹೊರಡಬೇಕಾದ್ದು ಪೂಜೆ ಶುರುವಾಗುವ ಷಷ್ಠಿಯ ಬೆಳಿಗ್ಗೆ, ಅಂದರೆ ಹಳೆಯದು ಮುಚ್ಚಿದ ಮೇಲೆ. ಬಾರಾನಗರದ ಮನೆಯಲ್ಲಿ ಬೇರೆ ವಿಗ್ರಹವಿಲ್ಲ. ಹಿಂದಿನ ತಲೆಮಾರಿನ ಸೊಸೆಯೊಬ್ಬರು ಬರೆದ ಈ ಚಿತ್ರಕ್ಕೇ ಪೂಜೆ. ಮನೆಯ ಹಿರಿಯಾಕೆ ಮಾಶಿಮಾ ಆಗಲೇ ಫೋನ್ ಮಾಡಿ, ಮಗಳು ಉಮಾಳನ್ನು ಎಷ್ಟು ಹೊತ್ತಿಗೆ ಕಳಿಸುತ್ತೀರಿ ಎಂದು ಕೇಳಿದ್ದರಂತೆ.

ಪ್ರಶಾಂತ ಒಂದು ಉಪಾಯ ಹೇಳಿದ. “ಹಿಂದಿನ ಬಾಗಲದಿಂದ ಆ ಕೆಂಪು ಗೆರಿ ತಗದ ಬಿಡ್ತೀನ್ರಿ. ಈ ಸಲ ಹೋಗಿ ಬರಲಿ.” ಸಾನ್ಯಾಲ್ ಬಾಬು ಹಗುರಾದರು. ನಾನು ಒಪ್ಪಲಿಲ್ಲ. ಹೊಸದರಲ್ಲೂ ‘ಮನೆ’ ಎಂಬ ಜಾಗವಿರಲಿಲ್ಲ. ಈ ಸಲ ಹೀಗೆ ಹೋದರೆ ಮುಂದಿನ ವರ್ಷ ಮತ್ತೆ ಆಸ್ಪತ್ರೆ ಎಂದೇ ದಾಖಲಾಗುತ್ತದೆ, ಮತ್ತೆ ಗೆರೆ ಬೀಳುತ್ತದೆ. ಆಗ ನಾವು ಮೂವರಲ್ಲಿ ಯಾರು ಇಲ್ಲಿರುತ್ತೇವೋ ತಿಳಿಯದು. ದಾರಿಯಲ್ಲಿ ಏನಾದರೂ ಆದರೆ, ಆಸ್ಪತ್ರೆಯಲ್ಲಿದ್ದ ಚಿತ್ರ ಟ್ಯಾಕ್ಸಿ ಹತ್ತಿ ರಸ್ತೆಗೆ ಹೇಗೆ ಬಂತು ಎಂದು ವಿಮೆಯವರು ಕೇಳದೆ ಬಿಡುವುದಿಲ್ಲ.

“ಚಿತ್ರ ಎಲ್ಲಿಗೆ ಹೋಗತ್ತೋ ಅದನ್ನೇ ಬರೆಯೋಕೆ ಜಾಗ ಮಾಡಿಕೊಡಿ. ಅಲ್ಲೀವರೆಗೂ ನಾನು ಸಹಿ ಹಾಕಲ್ಲ,” ಎಂದೆ.

“ಪೂಜಾ ಮುಂದಿಟ್ಟಕೊಂಡು ಇದೆಲ್ಲಿದು ಹಚ್ಚಿದ್ರಿ ಅಕ್ಕಾರ! ನಮ್ಮ ಹುಡುಗರು ಊರಿಗೆ ಹೊಂಟಾರ.”

“ಹಾಗಾದ್ರೆ ಒಳ್ಳೇದೇ ಆಯ್ತು. ಊರಿಗೆ ಹೊರಟವರಿಗೆ ಇದು ಬೇಗ ಅರ್ಥ ಆಗತ್ತೆ.”

ಸಾನ್ಯಾಲ್ ಬಾಬು ಕನ್ನಡಕ ಒರೆಸಿಕೊಂಡು, ನಿರ್ದೇಶಕರ ಕೋಣೆಗೆ ತಾವೇ ಹೋದರು. ಇಷ್ಟು ವರ್ಷ ತಪ್ಪಾಗಿ ದಾಖಲಿಸಿದ್ದನ್ನು ತಾವೇ ಹೇಳಿದರು. ಹೊರಗೆ ಬಂದಾಗ ಅವರ ಮುಖ ಕೆಂಪಗಿತ್ತು, ಕೈಯಲ್ಲಿ ಅನುಮತಿ ಇತ್ತು. ಪ್ರಶಾಂತನ ಹುಡುಗರು ಭಾನುವಾರವೂ ಕೂತು ‘ಹೋಮ್ ವಿಸಿಟ್’ ಎಂಬ ಹೊಸ ಬಗೆಯನ್ನು ಸೇರಿಸಿದರು. ಚಿತ್ರ ಹೊರಗಿದ್ದರೂ ಅದರ ಖಾತೆ ತೆರೆದೇ ಇರುತ್ತದೆ, ಮರಳುವ ದಿನ ನಮೂದಾಗುತ್ತದೆ. ಸೋಮವಾರ ನಾನು ಮತ್ತೆ ಮತ್ತೆ ಪರೀಕ್ಷಿಸಿ ಸಹಿ ಹಾಕಿದೆ.

ಷಷ್ಠಿಯ ಬೆಳಿಗ್ಗೆ ಗೇಟ್ ಪಾಸ್ ತಕರಾರಿಲ್ಲದೆ ಬಂತು. ಚಿತ್ರ ಒಯ್ದ ಸಾನ್ಯಾಲ್ ಬಾಬು ಜೊತೆ ನಾನೂ ಹೋದೆ. ಮಾಶಿಮಾ ಹೊಸ್ತಿಲಲ್ಲಿ ಶಂಖ ಊದಿಸಿ ಬರಮಾಡಿಕೊಂಡರು. ಆಸ್ಪತ್ರೆಯ ಸುದ್ದಿ ಅವರ ಕಿವಿಗೂ ಬಿದ್ದಿತ್ತು; ಆಮೇಲೆ ನನ್ನ ಕಡೆ ತಿರುಗಿ, “ಇವಳಿಗೆ ಹುಷಾರಿಲ್ಲ ಅಂತ ಹೇಳಿದವರು ಯಾರು?” ಎಂದು ಗದರಿದರು. ಸಾನ್ಯಾಲ್ ಬಾಬು ಚೌಕಟ್ಟಿನ ಹಿಂದೆ ಬಗ್ಗಿ ಮೊಳೆ ನೋಡತೊಡಗಿದರು. ನಮ್ಮಲ್ಲಿ ಗೌರಿ ತವರಿಗೆ ಬಂದುಹೋಗುವಂತೆ ಅಲ್ಲಿ ಉಮಾ. ಬಂಗಾಳಿ ಅರ್ಧಂಬರ್ಧ ಬರುತ್ತಿದ್ದ ನನಗೆ ಅದನ್ನು ಯಾರೂ ವಿವರಿಸಬೇಕಾಗಲಿಲ್ಲ.

ಆಮೇಲೆ ಬೇರೆ ಕಡೆಯೂ ಇಂಥ ಕೆಲಸ ಮಾಡಿದೆ. ಹಳೆಯದನ್ನು ತೆಗೆದು ಹೊಸದನ್ನು ತರುವಾಗ, ಅಲ್ಲಿಯ ಜನ ಏನು ಬರೆದಿದ್ದಾರೆ ಎಂದು ನೋಡಿದರೆ ಸಾಲದು, ಬರೆಯಲು ಜಾಗ ಸಿಗದೆ ಏನನ್ನು ಬೇರೆ ಹೆಸರಿನಲ್ಲಿ ಬರೆದರು ಎಂದು ಕೇಳಬೇಕು. ನಾನು ಎಲ್ಲಿಗೆ ಹೋದರೂ ಮೊದಲು ಕೇಳಿದ ಪ್ರಶ್ನೆ ಅದೇ.

ಪೂಜೆ ಮುಗಿದು ಸಂಗ್ರಹಾಲಯ ತೆರೆದ ದಿನ ಚಿತ್ರ ಮರಳಿತು, ಜೊತೆಗೆ ಒಂದು ಡಬ್ಬಿ ತೆಂಗಿನಕಾಯಿ ಉಂಡೆ. ಹೊಸ ಸಾಫ್ಟ್‌ವೇರಿನಲ್ಲಿ ಬಂದ ಕಲಾಕೃತಿಯ ಸ್ಥಿತಿ ಬರೆಯಲೇಬೇಕಾದ ಒಂದು ಖಾನೆ ಇದೆ. ಬಾಯಲ್ಲಿ ಉಂಡೆ ಇಟ್ಟುಕೊಂಡೇ ಟೈಪ್ ಮಾಡಿದೆ: ಗಾಜಿನ ಹೊರಗೆ ಸಿಂಧೂರ, ಚಿತ್ರ ಆರೋಗ್ಯವಾಗಿದೆ.